ಮೂರು ವರ್ಷದ ಕಾನೂನು: ಬ್ರಿಟನ್ನಿನ ಸೀಟ್ ಬೆಲ್ಟ್ ವಿಧಾಯಕವೂ ಕಣ್ಣಿನ ಗಾಯಗಳ ಸಾಕ್ಷ್ಯವೂ

೧

೧೯೮೩ನೆಯ ಇಸವಿಯ ಜನವರಿ ೩೧ರಂದು ಬ್ರಿಟನ್ನಿನಲ್ಲಿ ಒಂದು ಹೊಸ ನಿಯಮವು ಜಾರಿಗೆ ಬಂದಿತು. ಕಾರಿನ ಮುಂದಿನ ಆಸನಗಳಲ್ಲಿ ಕುಳಿತವರು ಸೀಟ್ ಬೆಲ್ಟನ್ನು ಕಟ್ಟಿಕೊಳ್ಳತಕ್ಕದ್ದು, ತಪ್ಪಿದವರು ೫೦ ಪೌಂಡುಗಳವರೆಗೆ ದಂಡ ತೆರತಕ್ಕದ್ದು ಎಂಬುದು ಅದರ ತಾತ್ಪರ್ಯ. ಇಂದು ನಮಗೆ ಅತಿ ಸಾಮಾನ್ಯವಾಗಿ ಕಾಣುವ ಈ ನಿಯಮಕ್ಕೆ ಅಂದು ಒಂದು ವಿಚಿತ್ರವಾದ ಷರತ್ತು ಅಂಟಿಕೊಂಡಿತ್ತು. ಪಾರ್ಲಿಮೆಂಟು ಅದನ್ನು ಶಾಶ್ವತವಾದ ಕಾನೂನನ್ನಾಗಿ ಒಪ್ಪಿಕೊಂಡಿರಲಿಲ್ಲ. ಮೂರು ವರ್ಷಗಳ ಕಾಲ ಪರೀಕ್ಷಿಸಿ ನೋಡಿ, ಅನಂತರ ಉಳಿಸಬೇಕೋ ಕೈಬಿಡಬೇಕೋ ಎಂಬುದನ್ನು ನಿರ್ಧರಿಸಬೇಕೆಂದು ಮಾತ್ರ ಒಪ್ಪಿತ್ತು.

ಪರೀಕ್ಷೆಗೆ ಒಳಗಾದ ಕಾನೂನಿಗೆ ಸಾಕ್ಷ್ಯ ಬೇಕು. ಆ ಮೂರು ವರ್ಷಗಳಲ್ಲಿ ಸಾಕ್ಷ್ಯ ನುಡಿದವರು ಯಾರು, ಅವರಲ್ಲಿ ಯಾರ ಮಾತಿಗೆ ಎಷ್ಟು ತೂಕವಿದೆ ಎಂಬುದೇ ಈ ಲೇಖನದ ವಿಷಯ. ಸಂಖ್ಯಾಶಾಸ್ತ್ರಜ್ಞರು ಮರಣಗಳನ್ನು ಎಣಿಸಿದರು. ಅಪಘಾತ ಚಿಕಿತ್ಸೆಯ ವೈದ್ಯರು ಆಸ್ಪತ್ರೆಗೆ ಬಂದವರನ್ನು ಎಣಿಸಿದರು. ಇವರಿಬ್ಬರ ಪಕ್ಕದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಮೂರನೆಯ ಸಾಕ್ಷಿಯೂ ಇದ್ದಿತು. ಅದೇ ನೇತ್ರಚಿಕಿತ್ಸಾಲಯಗಳ ದಾಖಲೆ ಪುಸ್ತಕ. ಶಾಸನ, ಕೈಫಿಯತ್ತು, ಕಡತಗಳನ್ನು ಆಕರಗಳೆಂದು ಬಳಸಿ ರೂಢಿಯಾದ ನಮಗೆ ಆಸ್ಪತ್ರೆಯ ರೋಗಿಗಳ ಪಟ್ಟಿಯು ಇತಿಹಾಸದ ಆಕರವಾಗಿ ತೋರುವುದು ವಿರಳ. ಆದರೆ ಈ ಪ್ರಸಂಗದಲ್ಲಿ ಅಂತಹ ಪಟ್ಟಿಯು ಉಳಿದ ಎರಡು ಸಾಕ್ಷ್ಯಗಳಿಗೆ ಇಲ್ಲದ ಒಂದು ಗುಣವನ್ನು ಹೊಂದಿತ್ತೆಂದು ತೋರಿಸುವುದು ನಮ್ಮ ಉದ್ದೇಶ.

೨

ಮೊದಲು ಗಾಯದ ಸ್ವರೂಪವನ್ನು ತಿಳಿಯುವುದು ಅಗತ್ಯ. ಕಣ್ಣುಗುಡ್ಡೆಯು ತಲೆಬುರುಡೆಯ ಗೂಡಿನೊಳಗೆ ಹುದುಗಿದೆ. ಹುಬ್ಬಿನ ಮೂಳೆ, ಕೆನ್ನೆಯ ಮೂಳೆ, ಮೂಗಿನ ದಿಂಡು ಇವು ಮೂರೂ ಸೇರಿ ಅದಕ್ಕೆ ಕೋಟೆಯಂತಿವೆ. ದೊಡ್ಡ ಮೊಂಡು ವಸ್ತುವೊಂದು ಮುಖಕ್ಕೆ ಬಡಿದರೆ ಪೆಟ್ಟಿನ ಬಹುಪಾಲನ್ನು ಈ ಮೂಳೆಗಳೇ ತಾಳಿಕೊಳ್ಳುತ್ತವೆ. ಆದರೆ ಗಾಜಿನ ಚೂರಿಗೆ ಈ ಕೋಟೆ ಅಡ್ಡಿಯಲ್ಲ. ಅದು ರೆಪ್ಪೆಯನ್ನು ಸೀಳಿ, ಪಾರದರ್ಶಕವಾದ ಕಾರ್ನಿಯಾವನ್ನು ಭೇದಿಸಿ, ಮಸೂರವನ್ನು ಒಡೆದು, ಒಮ್ಮೊಮ್ಮೆ ಹಿಂಭಾಗದ ಅಕ್ಷಿಪಟಲದವರೆಗೂ ಹೋಗಬಲ್ಲುದು. ಇದನ್ನು ವೈದ್ಯರು ಭೇದಕ ಗಾಯವೆಂದು ಕರೆಯುತ್ತಾರೆ. ಇಂತಹ ಗಾಯದ ಅನಂತರ ಕಣ್ಣು ಉಳಿದರೂ ದೃಷ್ಟಿ ಉಳಿಯುವುದು ನಿಶ್ಚಯವಲ್ಲ. ಗಾಜು ಒಡೆದಾಗ ಚೂರುಗಳು ಒಂದಲ್ಲ, ನೂರಾರು. ಆದುದರಿಂದ ಎರಡು ಕಣ್ಣುಗಳೂ ಒಂದೇ ಕ್ಷಣದಲ್ಲಿ ಗಾಯಗೊಳ್ಳುವ ಭಯವೂ ಉಂಟು.

ಕಾರಿನ ಮುಂದಿನ ಗಾಜು, ಎಂದರೆ ವಿಂಡ್‌ಸ್ಕ್ರೀನ್, ಈ ಅಪಾಯವನ್ನು ಆರಂಭದಿಂದಲೂ ಹೊತ್ತು ತಂದಿತು. ಮೊದಲ ಕಾರುಗಳಲ್ಲಿದ್ದುದು ಸಾಮಾನ್ಯ ಕಿಟಕಿಯ ಗಾಜು. ಅದು ಒಡೆದರೆ ಉದ್ದುದ್ದನೆಯ ಕತ್ತಿಗಳಂತಹ ತುಂಡುಗಳಾಗುತ್ತಿತ್ತು. ೧೯೦೩ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತೂಸ್ ಎಂಬ ರಸಾಯನಜ್ಞನು, ಕೈಜಾರಿ ಬಿದ್ದ ಒಂದು ಗಾಜಿನ ಪಾತ್ರೆಯು ಬಿರುಕು ಬಿಟ್ಟರೂ ಚದುರದೆ ಇದ್ದುದನ್ನು ಕಂಡನು. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯು ಚೂರುಗಳನ್ನು ಹಿಡಿದಿಟ್ಟಿತ್ತು. ಎರಡು ಗಾಜುಗಳ ನಡುವೆ ಒಂದು ಪೊರೆಯನ್ನಿಟ್ಟು ಬೆಸೆಯುವ ಪದರಗಾಜಿಗೆ ಆತನು ೧೯೦೯ರಲ್ಲಿ ಪೇಟೆಂಟ್ ಪಡೆದನು. ಮೂರು ಪದರಗಳಿದ್ದುದರಿಂದ ಅದಕ್ಕೆ ಟ್ರಿಪ್ಲೆಕ್ಸ್ ಎಂಬ ಹೆಸರಾಯಿತು. ಆ ಗಾಜು ಮೊದಲು ಹೆಚ್ಚಾಗಿ ಬಳಕೆಗೆ ಬಂದುದು ಕಾರುಗಳಲ್ಲಿ ಅಲ್ಲ, ಮೊದಲನೆಯ ಮಹಾಯುದ್ಧದ ಸೈನಿಕರು ಧರಿಸಿದ ವಿಷಾನಿಲ ಮುಖವಾಡಗಳ ಕಣ್ಣುಗಾಜುಗಳಲ್ಲಿ. ಕಾರಿನ ಪ್ರಯಾಣಿಕನ ಕಣ್ಣಿಗಿಂತ ಮುಂಚೆ ಸೈನಿಕನ ಕಣ್ಣಿಗೆ ಈ ರಕ್ಷಣೆ ದೊರೆಯಿತೆಂಬುದು ಗಮನಾರ್ಹ.

೧೯೩೦ರ ದಶಕದಲ್ಲಿ ಇನ್ನೊಂದು ಬಗೆಯ ಗಾಜು ಬಂದಿತು. ಅದನ್ನು ಹೆಚ್ಚು ಶಾಖಕ್ಕೆ ಕಾಯಿಸಿ, ಒಡನೆಯೇ ತಣ್ಣನೆಯ ಗಾಳಿಯನ್ನು ಊದಿ ಗಟ್ಟಿಗೊಳಿಸುತ್ತಿದ್ದರು. ಈ ಗಟ್ಟಿಗಾಜು ಒಡೆದರೆ ಕತ್ತಿಯಂತಹ ತುಂಡುಗಳಾಗದೆ ಸಣ್ಣ ಸಣ್ಣ ಕಲ್ಲುಸಕ್ಕರೆಯ ಹರಳುಗಳಂತೆ ಪುಡಿಯಾಗುತ್ತದೆ. ಇದೇ ಸುರಕ್ಷಿತವೆಂದು ಬಗೆದು, ಬೆಲೆಯೂ ಕಡಿಮೆಯಾದ ಕಾರಣ, ಬ್ರಿಟನ್ನಿನ ಕಾರು ತಯಾರಕರು ದಶಕಗಳ ಕಾಲ ಮುಂದಿನ ಗಾಜಿಗೆ ಹೆಚ್ಚಾಗಿ ಇದನ್ನೇ ಬಳಸಿದರು. ಅಮೆರಿಕವಾದರೋ ಪದರಗಾಜಿನ ದಾರಿಯನ್ನು ಹಿಡಿಯಿತು. ೧೯೬೬ರ ಮಾದರಿಯ ಕಾರುಗಳಿಂದ ಅಲ್ಲಿ ನಡುವಿನ ಪೊರೆಯ ದಪ್ಪವನ್ನು ಇಮ್ಮಡಿಗೊಳಿಸಿ, ತಲೆಯು ತೂರಿಹೋಗದಂತೆ ಮಾಡಲಾಯಿತು. ಗಟ್ಟಿಗಾಜು ಕತ್ತಿನ ರಕ್ತನಾಳವನ್ನು ಕತ್ತರಿಸುವುದಿಲ್ಲವೆಂಬುದು ನಿಜ. ಆದರೆ ಅದರ ಹರಳುಗಳು ಮುಖಕ್ಕೆ ಚಿಕ್ಕವಾದರೂ ಕಣ್ಣಿಗೆ ಚಿಕ್ಕವಲ್ಲ. ಬೆಲ್ಟ್ ಇಲ್ಲದೆ ಕುಳಿತವನ ತಲೆ ಆ ಗಾಜನ್ನು ಒಡೆದು ಹೊರಕ್ಕೆ ಹೋಗಿ ಚೌಕಟ್ಟಿನಲ್ಲಿ ಉಳಿದ ಅಂಚಿನ ಮೇಲೆ ಮರಳಿ ಬೀಳುವಾಗ, ತೆರೆದ ಕಣ್ಣೇ ಮೊದಲು ಈಡಾಗುತ್ತಿತ್ತು. ಚಾಲಕನನ್ನು ಎದೆಯ ಮಟ್ಟದಲ್ಲಿ ಸ್ಟಿಯರಿಂಗ್ ಚಕ್ರವಾದರೂ ತಡೆಯುತ್ತಿತ್ತು. ಅವನ ಪಕ್ಕದಲ್ಲಿ ಕುಳಿತವರಿಗೆ ಅಷ್ಟು ತಡೆಯೂ ಇರಲಿಲ್ಲ.

೩

ಎದುರಿಗಿರುವ ವಸ್ತುವನ್ನು ಮೃದುಗೊಳಿಸುವುದು ಒಂದು ದಾರಿಯಾದರೆ, ಮನುಷ್ಯನು ಅದಕ್ಕೆ ಬಡಿಯದಂತೆ ಹಿಡಿದಿಡುವುದು ಇನ್ನೊಂದು ದಾರಿ. ಎರಡನೆಯದರ ಇತಿಹಾಸವು ಆಕಾಶದಿಂದ ನೆಲಕ್ಕೆ ಇಳಿದುಬಂದುದು. ೧೯೧೭ರಲ್ಲಿ ಕೆನಡಾದಲ್ಲಿ ವಿಮಾನ ಚಾಲನೆಯನ್ನು ಕಲಿಯುತ್ತಿದ್ದ ಹ್ಯೂ ಡಿಹೇವನ್ ಎಂಬವನು ಅಪಘಾತದಲ್ಲಿ ಬದುಕಿ ಉಳಿದು, ತಾನು ಏಕೆ ಸಾಯಲಿಲ್ಲವೆಂಬ ಪ್ರಶ್ನೆಯನ್ನು ಜೀವಮಾನವೆಲ್ಲ ಬೆನ್ನಟ್ಟಿದನು. ೧೯೪೦ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಆತನು ಆರಂಭಿಸಿದ ಸಂಶೋಧನೆಯು, ಅಪಘಾತದ ಕಾರಣವನ್ನಲ್ಲದೆ ಗಾಯದ ಕಾರಣವನ್ನು ಬೇರೆಯಾಗಿ ವಿಚಾರಿಸುವ ಪದ್ಧತಿಗೆ ತಳಹದಿ ಹಾಕಿತು.

ಆ ಸಂಶೋಧನೆಯ ಚರಿತ್ರೆಯಲ್ಲಿ ಕಣ್ಣಿಗೆ ಸಂಬಂಧಿಸಿದ ಒಂದು ಪ್ರಸಂಗ ಸ್ಮರಣೀಯವಾದುದು. ೧೯೫೪ರ ಡಿಸೆಂಬರ್ ೧೦ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ ರಾಕೆಟ್ಟಿನಿಂದ ಓಡುವ ಜಾರುಬಂಡಿಯಲ್ಲಿ ತನ್ನನ್ನು ಪಟ್ಟಿಗಳಿಂದ ಬಿಗಿದುಕೊಂಡು ಕುಳಿತರು. ಬಂಡಿಯು ಗಂಟೆಗೆ ೬೩೨ ಮೈಲಿಗಳ ವೇಗವನ್ನು ಮುಟ್ಟಿ, ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ನಿಂತಿತು. ದೇಹವನ್ನು ಪಟ್ಟಿಗಳು ಹಿಡಿದು ನಿಲ್ಲಿಸಿದುವು. ಕಣ್ಣುಗುಡ್ಡೆಗಳನ್ನು ಹಿಡಿಯುವ ಪಟ್ಟಿ ಇರಲಿಲ್ಲವಷ್ಟೆ. ಅವುಗಳಲ್ಲಿ ರಕ್ತಸ್ರಾವವಾಗಿ ಅವರಿಗೆ ಕೆಲಕಾಲ ದೃಷ್ಟಿಯೇ ಇಲ್ಲವಾಯಿತು. ಪುಣ್ಯವಶಾತ್ ಅದು ಮರಳಿತು. ಸರಿಯಾಗಿ ಬಿಗಿದ ಮನುಷ್ಯದೇಹವು ಜನರು ಊಹಿಸಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಆಘಾತವನ್ನು ತಾಳಬಲ್ಲುದೆಂಬುದು ಆ ದಿನ ಸಿದ್ಧವಾಯಿತು. ಹಾಗೆ ಸಿದ್ಧಪಡಿಸಿದವರು ತಮ್ಮ ಕಣ್ಣುಗಳನ್ನೇ ಪಣಕ್ಕೊಡ್ಡಿದ್ದರು.

ಸಾಮಾನ್ಯ ಕಾರಿಗೆ ಹೊಂದುವ ಬೆಲ್ಟನ್ನು ರೂಪಿಸಿದ ಕೀರ್ತಿ ಸ್ವೀಡನ್ನಿನ ನಿಲ್ಸ್ ಬೋಲಿನ್ ಅವರದು. ಸಾಬ್ ಸಂಸ್ಥೆಯಲ್ಲಿ ವಿಮಾನದಿಂದ ಹೊರಕ್ಕೆ ಚಿಮ್ಮುವ ಆಸನಗಳ ಮೇಲೆ ಕೆಲಸ ಮಾಡಿದ್ದ ಅವರು ೧೯೫೮ರಲ್ಲಿ ವೋಲ್ವೊ ಸಂಸ್ಥೆಯನ್ನು ಸೇರಿದರು. ಮರುವರ್ಷವೇ ಆ ಸಂಸ್ಥೆಯ ಕಾರುಗಳಲ್ಲಿ ಅವರ ಮೂರು ಬಿಂದುಗಳ ಬೆಲ್ಟ್ ಕಾಣಿಸಿಕೊಂಡಿತು. ಅದಕ್ಕೆ ಮುಂಚೆ ಇದ್ದ ಸೊಂಟದ ಬೆಲ್ಟು ಮನುಷ್ಯನನ್ನು ಕಾರಿನಿಂದ ಹೊರಕ್ಕೆ ಎಸೆಯದಂತೆ ತಡೆಯುತ್ತಿತ್ತು. ಆದರೆ ಮೇಲಿನ ಅರ್ಧ ದೇಹವು ಮಡಿಸುವ ಚಾಕುವಿನಂತೆ ಮುಂದಕ್ಕೆ ಬಾಗುತ್ತಿದ್ದುದರಿಂದ ಮುಖಕ್ಕೂ ಕಣ್ಣಿಗೂ ಅದರಿಂದ ದೊರೆತ ರಕ್ಷಣೆ ಅಲ್ಪ. ಹೆಗಲಿನ ಮೇಲೆ ಹಾದುಬರುವ ಪಟ್ಟಿಯು ಮಾತ್ರ ತಲೆಯ ಓಟವನ್ನು ಗಾಜಿನಿಂದ ಈಚೆಗೆ ನಿಲ್ಲಿಸಬಲ್ಲುದು. ಕಣ್ಣಿನ ದೃಷ್ಟಿಯಿಂದ ಹೇಳುವುದಾದರೆ ಬೆಲ್ಟಿನ ಇತಿಹಾಸವು ೧೯೫೯ರಿಂದಲೇ ಆರಂಭವಾಗುತ್ತದೆ. ಈ ಪೇಟೆಂಟನ್ನು ಇತರ ತಯಾರಕರೂ ಬಳಸಿಕೊಳ್ಳಲು ವೋಲ್ವೊ ಅವಕಾಶವಿತ್ತಿತು. ೧೯೬೭ರಲ್ಲಿ ೨೮,೦೦೦ ಅಪಘಾತಗಳ ಪರಿಶೀಲನೆಯನ್ನು ಪ್ರಕಟಿಸಿ, ಬೆಲ್ಟಿನ ಪ್ರಯೋಜನವನ್ನು ಅಂಕಿ ಅಂಶಗಳಿಂದ ಸಮರ್ಥಿಸಿತು.

೪

ಬೆಲ್ಟ್ ಇರುವುದು ಬೇರೆ, ಕಟ್ಟಿಕೊಳ್ಳುವುದು ಬೇರೆ. ಬ್ರಿಟನ್ನಿನಲ್ಲಿ ೧೯೬೫ರಿಂದ ಹೊಸ ಕಾರುಗಳ ಮುಂದಿನ ಆಸನಗಳಿಗೆ ಬೆಲ್ಟ್ ಸಿಕ್ಕಿಸುವ ಕೊಂಡಿಗಳೂ, ೧೯೬೭ರಿಂದ ಬೆಲ್ಟುಗಳೂ ಕಡ್ಡಾಯವಾದುವು. ಪ್ರಚಾರವೂ ಸಾಕಷ್ಟು ನಡೆಯಿತು. ಆದರೂ ೧೯೮೦ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿಕೊಳ್ಳುತ್ತಿದ್ದವರು ನೂರಕ್ಕೆ ಸುಮಾರು ೪೦ ಮಂದಿ ಮಾತ್ರ. ಇತ್ತ ಆಸ್ಟ್ರೇಲಿಯಾದ ವಿಕ್ಟೋರಿಯಾ ಸಂಸ್ಥಾನವು ೧೯೭೦ರ ಡಿಸೆಂಬರಿನಲ್ಲಿಯೇ ಕಟ್ಟಿಕೊಳ್ಳುವುದನ್ನು ಕಡ್ಡಾಯಗೊಳಿಸಿ, ಪ್ರಪಂಚಕ್ಕೆ ಮೊದಲಿನದೆನಿಸಿತ್ತು.

ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ೧೯೭೦ರ ದಶಕದ ಉದ್ದಕ್ಕೂ ಮಸೂದೆಗಳು ಬಂದುವು, ಹೋದುವು. ಕಾಮನ್ಸ್ ಸಭೆಯ ಬೆಂಬಲ ದೊರೆತಾಗಲೂ ಕಾಲ ಸಾಲದೆ ಅವು ಬಿದ್ದುಹೋದುವು. ವಿರೋಧಿಸಿದವರು ಬೆಲ್ಟಿನ ಪ್ರಯೋಜನವನ್ನು ಅಲ್ಲಗಳೆಯುತ್ತಿದ್ದರೆಂದು ತಿಳಿಯಕೂಡದು. ಈನಕ್ ಪೊವೆಲ್ ಅವರಂತಹ ಸದಸ್ಯರ ಆಕ್ಷೇಪವು ತತ್ತ್ವದ್ದಾಗಿತ್ತು: ತನಗೆ ಮಾತ್ರ ಹಾನಿಯಾಗುವ ಕೃತ್ಯದಿಂದ ಪ್ರಜೆಯನ್ನು ದಂಡನೆಯ ಭಯದಿಂದ ತಡೆಯುವ ಅಧಿಕಾರ ರಾಜ್ಯಕ್ಕೆ ಇದೆಯೆ? ಈ ಪ್ರಶ್ನೆ ಹಗುರವಾದುದಲ್ಲ. ಆದರೆ ದೃಷ್ಟಿಯನ್ನು ಕಳೆದುಕೊಂಡವನ ಹಾನಿಯು ಅವನೊಬ್ಬನದೇ ಎಂಬ ಊಹೆ ಎಷ್ಟು ಸರಿ? ಸತ್ತವನನ್ನು ಕುರಿತು ಚರ್ಚೆ ನಡೆಯುವಾಗ ಈ ಪ್ರಶ್ನೆ ತತ್ತ್ವದ ಎತ್ತರದಲ್ಲಿಯೇ ಉಳಿಯಬಹುದು. ಕುರುಡನಾಗಿ ಬದುಕಿ ಉಳಿದ ತರುಣನೂ, ಅವನನ್ನು ನಾಲ್ವತ್ತು ವರ್ಷ ಕೈಹಿಡಿದು ನಡೆಸಬೇಕಾದ ಮನೆಯವರೂ ಕಣ್ಣಮುಂದೆ ಬಂದರೆ ಅದು ನೆಲಕ್ಕೆ ಇಳಿಯುತ್ತದೆ.

ಕೊನೆಗೆ ೧೯೮೧ರಲ್ಲಿ ಸಾರಿಗೆ ಮಸೂದೆಯೊಂದಕ್ಕೆ ಲಾರ್ಡ್ಸ್ ಸಭೆಯಲ್ಲಿ ಗಿಲ್ಡ್‌ಫರ್ಡಿನ ಲಾರ್ಡ್ ನ್ಯೂಜೆಂಟ್ ತಿದ್ದುಪಡಿಯನ್ನು ತಂದರು. ಅದು ಅಲ್ಲಿ ಗೆದ್ದು, ಕಾಮನ್ಸ್ ಸಭೆಯಲ್ಲಿಯೂ ಪಕ್ಷದ ಕಟ್ಟಳೆಯಿಲ್ಲದ ಮತದಾನದಲ್ಲಿ ಅಂಗೀಕೃತವಾಯಿತು. ಮೂರು ವರ್ಷದ ಷರತ್ತು ವಿರೋಧಿಗಳ ಸಂಶಯಕ್ಕೆ ಕೊಟ್ಟ ಬೆಲೆ.

೫

ನಿಯಮ ಜಾರಿಗೆ ಬಂದೊಡನೆ ಬೆಲ್ಟ್ ಕಟ್ಟಿಕೊಳ್ಳುವವರ ಪ್ರಮಾಣ ನೂರಕ್ಕೆ ೯೦ನ್ನು ಮೀರಿತು. ಇತಿಹಾಸದಲ್ಲಿ ಜನರ ನಡವಳಿಕೆಯು ಇಷ್ಟು ವಿಸ್ತಾರವಾಗಿ, ಇಷ್ಟು ಅಲ್ಪ ಕಾಲದಲ್ಲಿ ಬದಲಾದ ನಿದರ್ಶನಗಳು ಹೆಚ್ಚಿಲ್ಲ. ಈ ಹಠಾತ್ ಬದಲಾವಣೆಯೇ ಸಂಶೋಧಕನಿಗೆ ದೊರೆತ ಅವಕಾಶ.

ಮೊದಲನೆಯ ಸಾಕ್ಷ್ಯ ಸಂಖ್ಯಾಶಾಸ್ತ್ರಜ್ಞರದು. ಡರ್ಬಿನ್ ಮತ್ತು ಹಾರ್ವಿ ಎಂಬ ವಿದ್ವಾಂಸರು ೧೯೬೯ರಿಂದ ೧೯೮೪ರವರೆಗಿನ ತಿಂಗಳು ತಿಂಗಳ ಅಂಕಿಗಳನ್ನು ಪರಿಶೀಲಿಸಿ, ಕಾರು ಚಾಲಕರ ಮರಣಗಳು ಶೇಕಡ ೧೮ರಷ್ಟು, ಮುಂದಿನ ಆಸನದ ಪ್ರಯಾಣಿಕರ ಮರಣಗಳು ಶೇಕಡ ೨೫ರಷ್ಟು ಇಳಿದುವೆಂದು ಅಂದಾಜು ಮಾಡಿದರು. ಆದರೆ ಅದೇ ಕಾಲದಲ್ಲಿ ಪಾದಚಾರಿಗಳ, ಸೈಕಲ್ ಸವಾರರ, ಹಿಂದಿನ ಆಸನದವರ ಮರಣಗಳು ಏರಿದುದನ್ನೂ ಅವರು ಮುಚ್ಚಿಡಲಿಲ್ಲ. ಲಂಡನ್ನಿನ ಜಾನ್ ಆಡಮ್ಸ್ ಈ ಮೊದಲೇ ಒಂದು ವಾದವನ್ನು ಮಂಡಿಸಿದ್ದರು: ತಾನು ಸುರಕ್ಷಿತನೆಂದು ಬಗೆದ ಚಾಲಕನು ಹೆಚ್ಚು ಸಾಹಸದಿಂದ ಓಡಿಸುತ್ತಾನೆ, ಅಪಾಯವು ಕಡಿಮೆಯಾಗದೆ ಇತರರ ಮೇಲೆ ವರ್ಗವಾಗುತ್ತದೆ. ಇದಲ್ಲದೆ, ಕುಡಿದು ಓಡಿಸುವವರ ಉಸಿರಿನ ಪರೀಕ್ಷೆಯನ್ನೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಅಂಗೀಕರಿಸುವ ಕ್ರಮವೂ ೧೯೮೩ರ ಮೇ ತಿಂಗಳಿನಲ್ಲಿಯೇ ಬಂದಿತು. ಹೀಗಿರಲಾಗಿ ಮರಣಗಳ ಇಳಿಕೆಯಲ್ಲಿ ಬೆಲ್ಟಿನ ಪಾಲೆಷ್ಟು, ಉಸಿರಿನ ಪರೀಕ್ಷೆಯ ಪಾಲೆಷ್ಟು ಎಂಬ ವಿವಾದಕ್ಕೆ ಎಡೆಯಾಯಿತು.

ಎರಡನೆಯ ಸಾಕ್ಷ್ಯ ಅಪಘಾತ ಚಿಕಿತ್ಸೆಯ ವೈದ್ಯರದು. ಬೆಲ್‌ಫಾಸ್ಟಿನ ಶಸ್ತ್ರವೈದ್ಯ ರದರ್‌ಫರ್ಡ್ ಮತ್ತು ಅವರ ಸಂಗಡಿಗರು ಕಾನೂನಿನ ಹಿಂದಿನ ಒಂದು ವರ್ಷವನ್ನೂ ಮುಂದಿನ ಒಂದು ವರ್ಷವನ್ನೂ ಹೋಲಿಸಿ ೧೯೮೫ರಲ್ಲಿ ವರದಿಯನ್ನಿತ್ತರು. ಆಸ್ಪತ್ರೆಗೆ ಬಂದ ಗಾಯಾಳುಗಳು ಶೇಕಡ ೧೫ರಷ್ಟು, ಒಳರೋಗಿಗಳಾಗಿ ಸೇರಬೇಕಾದವರು ಶೇಕಡ ೨೫ರಷ್ಟು ಕಡಿಮೆಯಾಗಿದ್ದರು. ಆದರೆ ಕುತ್ತಿಗೆಯ ಉಳುಕು, ಎದೆಮೂಳೆಯ ಮುರಿತ ಇವು ಹೆಚ್ಚಿದ್ದುವು. ಬೆಲ್ಟು ತನ್ನದೇ ಗುರುತನ್ನು ದೇಹದ ಮೇಲೆ ಬಿಡುತ್ತದೆಂಬುದಕ್ಕೆ ಇದು ಪ್ರಮಾಣ.

ಮೂರನೆಯದು ಕಣ್ಣಿನ ಸಾಕ್ಷ್ಯ. ಉತ್ತರ ಐರ್ಲೆಂಡಿನ ನೇತ್ರವೈದ್ಯರು ೧೯೬೭ರಿಂದ ೧೯೭೬ರವರೆಗಿನ ಹತ್ತು ವರ್ಷಗಳ ಕಣ್ಣಿನ ಗಾಯಗಳನ್ನು ಪರಿಶೀಲಿಸಿ, ೧೯೮೦ರಲ್ಲಿ ಪ್ರಕಟಿಸಿದ್ದರು. ಭೇದಕ ಗಾಯಗಳ ಪ್ರಮುಖ ಕಾರಣಗಳಲ್ಲಿ ರಸ್ತೆ ಅಪಘಾತವೂ ಒಂದೆಂಬುದು ಅದರಿಂದ ಸ್ಪಷ್ಟವಾಗಿತ್ತು. ಎಂದರೆ, ಕಾನೂನು ಬರುವ ಮುನ್ನವೇ ಅದರ ಫಲವನ್ನು ಅಳೆಯುವ ಕೋಲು ಸಿದ್ಧವಾಗಿದ್ದಿತು. ಕಾನೂನಿನ ಅನಂತರ ವೆಸೆಕ್ಸ್ ಪ್ರಾಂತದಿಂದ ೧೯೮೫ರಲ್ಲಿ, ಉತ್ತರ ಐರ್ಲೆಂಡಿನಿಂದ ೧೯೮೬ರಲ್ಲಿ ನೇತ್ರವೈದ್ಯರ ವರದಿಗಳು ಹೊರಬಂದುವು. ಎರಡೂ ಕಡೆಯಲ್ಲಿ ಕಾರು ಅಪಘಾತಗಳಿಂದಾಗುವ ಭೇದಕ ಗಾಯಗಳು ಗಣನೀಯವಾಗಿ ಇಳಿದಿದ್ದುವು.

ಈ ಸಾಕ್ಷ್ಯದ ವೈಶಿಷ್ಟ್ಯವೇನು? ಮರಣಕ್ಕೆ ಕಾರಣಗಳು ಹಲವು: ತಲೆಯ ಪೆಟ್ಟು, ಎದೆಯ ಪೆಟ್ಟು, ಬೆಂಕಿ, ಚಿಕಿತ್ಸೆಯ ವಿಳಂಬ. ಮುಂದಿನ ಗಾಜಿನ ಚೂರಿನಿಂದ ಭೇದಿಸಲ್ಪಟ್ಟ ಕಣ್ಣಿಗಾದರೋ ಸಾಮಾನ್ಯವಾಗಿ ಒಂದೇ ಕಥೆ: ಒಂದು ತಲೆ, ತಡೆಯಿಲ್ಲದೆ, ಒಂದು ಗಾಜಿನವರೆಗೆ ಹೋಯಿತು. ಬೆಲ್ಟು ಕತ್ತರಿಸುವುದು ಇದೇ ಸರಪಳಿಯ ಇದೇ ಕೊಂಡಿಯನ್ನು. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ಕಡಿಮೆ ಅಂತರವಿರುವ ಆಕರವು ಇತಿಹಾಸಕಾರನಿಗೆ ಅಪರೂಪ.

ಹಾಗೆಂದು ಈ ಆಕರವನ್ನು ವಿಮರ್ಶೆಯಿಲ್ಲದೆ ಒಪ್ಪಲಾಗದು. ಕುಡಿದು ಓಡಿಸುವುದು ಕಡಿಮೆಯಾಗಿದ್ದರೆ ಕಣ್ಣಿನ ಗಾಯಗಳೂ ಅದರಿಂದ ಸ್ವಲ್ಪಮಟ್ಟಿಗೆ ಕಡಿಮೆಯಾಗಿರಬೇಕು. ಅದೇ ವರ್ಷಗಳಲ್ಲಿ ಬ್ರಿಟನ್ನಿನ ಕಾರುಗಳಲ್ಲಿ ಗಟ್ಟಿಗಾಜಿನ ಬದಲು ಪದರಗಾಜು ಬರುತ್ತಿದ್ದಿತು. ಅದರ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಇಲ್ಲಿ ಕಾಲದ ವಿಚಾರವು ನಮ್ಮ ನೆರವಿಗೆ ಬರುತ್ತದೆ. ಗಾಜಿನ ಬದಲಾವಣೆ ಹಳೆಯ ಕಾರುಗಳು ಸವೆದು ಹೊಸವು ಬಂದಂತೆ ವರ್ಷ ವರ್ಷಕ್ಕೆ ಮೆಲ್ಲನೆ ನಡೆಯುವಂಥದು. ಬೆಲ್ಟಿನ ಬದಲಾವಣೆ ಒಂದು ದಿನಾಂಕದಲ್ಲಿ ನಡೆಯಿತು. ಮೆಲ್ಲನೆಯ ಕಾರಣವು ಹಠಾತ್ ಇಳಿತವನ್ನು ವಿವರಿಸಲಾರದು. ಕುಡಿತದ ವಿಷಯದಲ್ಲಿ ವೈದ್ಯರ ಸಾಕ್ಷ್ಯವು ನೆರವಾಗುತ್ತದೆ: ಅಪಘಾತಗಳೇ ಕಡಿಮೆಯಾಗಿದ್ದರೆ ಎಲ್ಲ ಬಗೆಯ ಗಾಯಗಳೂ ಇಳಿಯಬೇಕಾಗಿತ್ತು. ಕಣ್ಣಿನ ಗಾಯ ಇಳಿದು ಎದೆಮೂಳೆಯ ಮುರಿತ ಏರಿತೆಂದರೆ, ಆಘಾತವು ಬಂದೇ ಇತ್ತು, ಅದನ್ನು ತಾಳಿಕೊಂಡ ಅಂಗ ಮಾತ್ರ ಬೇರೆಯಾಯಿತು ಎಂದೇ ಅರ್ಥ. ಹೀಗೆ ಒಂದು ಸಾಕ್ಷ್ಯದ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆಡಮ್ಸರ ವಾದವು ಇದರಿಂದ ಸುಳ್ಳಾಯಿತೆಂದು ನಾವು ಹೇಳುವುದಿಲ್ಲ. ರಸ್ತೆಯ ಬದಿಯಲ್ಲಿ ನಡೆಯುವವನ ಅಪಾಯವನ್ನು ಕಣ್ಣಿನ ಆಸ್ಪತ್ರೆಯ ಪುಸ್ತಕದಿಂದ ಅಳೆಯಲಾಗದು. ಆದರೆ ಕಾರಿನ ಒಳಗೆ ಕುಳಿತವರಿಗೆ ಬೆಲ್ಟಿನಿಂದ ಪ್ರಯೋಜನವಾಯಿತೆ ಎಂಬ ಪ್ರಶ್ನೆಗೆ ಆ ಪುಸ್ತಕದ ಉತ್ತರ ನಿಸ್ಸಂದಿಗ್ಧವಾಗಿದೆ.

೬

೧೯೮೬ರ ಜನವರಿಯಲ್ಲಿ ಪಾರ್ಲಿಮೆಂಟು ಕಾನೂನನ್ನು ಸ್ಥಿರಗೊಳಿಸಿತು. ಹಿಂದಿನ ಆಸನದ ಮಕ್ಕಳಿಗೆ ೧೯೮೯ರಲ್ಲಿ, ವಯಸ್ಕರಿಗೆ ೧೯೯೧ರಲ್ಲಿ ಅದು ವಿಸ್ತರಿಸಿತು. ಕಣ್ಣಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೯೯೦ರ ದಶಕದಲ್ಲಿ ಏರ್‌ಬ್ಯಾಗುಗಳು ವ್ಯಾಪಕವಾದಾಗ, ಕಣ್ಣು ಮಿಟುಕಿಸುವುದಕ್ಕಿಂತ ಶೀಘ್ರವಾಗಿ ಉಬ್ಬಿ ಬರುವ ಆ ಚೀಲವೇ ಕಾರ್ನಿಯಾವನ್ನು ಉಜ್ಜಿ ಗಾಯಗೊಳಿಸುವ ಪ್ರಸಂಗಗಳು ವರದಿಯಾದುವು. ಬೆಲ್ಟ್ ಇಲ್ಲದವನು ಚೀಲವು ಉಬ್ಬುತ್ತಿರುವಾಗಲೇ ಅದರ ಸಮೀಪಕ್ಕೆ ಹೋಗಿಬಿಡುವುದರಿಂದ ಅವನಿಗೇ ಅಪಾಯ ಹೆಚ್ಚು. ಏರ್‌ಬ್ಯಾಗು ಬೆಲ್ಟಿಗೆ ಸಹಾಯಕವೇ ಹೊರತು ಬದಲಿಯಲ್ಲವೆಂಬುದನ್ನು ಕಣ್ಣೇ ಮತ್ತೊಮ್ಮೆ ಹೇಳಿತು.

ನಮ್ಮ ದೇಶದಲ್ಲಿ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಗಾಜಿಗೆ ಪದರಗಾಜನ್ನು ವಿಧಿಸಿದುವು. ೧೯೯೩ರ ತಿದ್ದುಪಡಿಯಿಂದ ಮುಂದಿನ ಆಸನಗಳಿಗೆ ಬೆಲ್ಟು ಕಡ್ಡಾಯವಾಯಿತು. ೨೦೧೯ರ ತಿದ್ದುಪಡಿ ಅಧಿನಿಯಮವು ಬೆಲ್ಟ್ ಕಟ್ಟದವರಿಗೆ ೧,೦೦೦ ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. ಮುಂದಕ್ಕೆ ಮುಖಮಾಡಿದ ಹಿಂದಿನ ಆಸನದವರೂ ನಿಯಮಕ್ಕೆ ಒಳಪಟ್ಟವರೇ. ಆಚರಣೆ ಮಾತ್ರ ಬೇರೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ೨೦೨೨ರಲ್ಲಿ ಬೆಲ್ಟ್ ಧರಿಸದೆ ಮೃತರಾದವರು ೧೬,೭೧೫ ಮಂದಿ. ಅವರಲ್ಲಿ ೮,೩೩೧ ಮಂದಿ ಪ್ರಯಾಣಿಕರು.

ಇಲ್ಲಿ ಒಂದು ಸಂಗತಿಯತ್ತ ವಿದ್ಯಾರ್ಥಿಗಳ ಗಮನವನ್ನು ಸೆಳೆಯಬಯಸುತ್ತೇವೆ. ಒಂದು ಕಣ್ಣಿನ ದೃಷ್ಟಿಯನ್ನು ಶಾಶ್ವತವಾಗಿ ಕಳೆಯುವುದನ್ನು ಭಾರತೀಯ ದಂಡ ಸಂಹಿತೆಯು ೧೮೬೦ರಷ್ಟು ಹಿಂದೆಯೇ ತೀವ್ರ ಗಾಯಗಳ ಪಟ್ಟಿಯಲ್ಲಿ ಎರಡನೆಯದಾಗಿ ಹೆಸರಿಸಿತ್ತು; ಅದರ ಸ್ಥಾನದಲ್ಲಿ ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹಾಗೆಯೇ ಹೆಸರಿಸುತ್ತದೆ. ಆದರೆ ರಸ್ತೆ ಅಪಘಾತಗಳ ಮುಖ್ಯ ಕೋಷ್ಟಕಗಳಲ್ಲಿ ಮರಣ, ತೀವ್ರ ಗಾಯ, ಅಲ್ಪ ಗಾಯ ಎಂಬ ತಲೆಬರಹಗಳಿವೆ; ಕಳೆದುಹೋದ ಕಣ್ಣು ಮುರಿದ ಕಾಲಿನೊಡನೆ ಒಂದೇ ಅಂಕಣದಲ್ಲಿ ಸೇರಿಹೋಗುತ್ತದೆ. ಬೆಲ್‌ಫಾಸ್ಟಿನ ವೈದ್ಯರು ಕಾನೂನು ಬರುವ ಮುನ್ನ ಹತ್ತು ವರ್ಷಗಳ ಗಾಯಗಳನ್ನು ಬಿಡಿಬಿಡಿಯಾಗಿ ಬರೆದಿಟ್ಟಿರದಿದ್ದರೆ, ಮುಂದೆ ಬಂದ ಇಳಿಕೆಯನ್ನು ತಿಳಿಯುವ ಬಗೆಯೇ ಇರುತ್ತಿರಲಿಲ್ಲ. ಉಳಿದ ಕಣ್ಣು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಕಳೆದುಹೋದುವುಗಳನ್ನು ಎಣಿಸಿಟ್ಟ ಕಡೆಯಲ್ಲಿ ಮಾತ್ರ ಅದರ ಇತಿಹಾಸವನ್ನು ಬರೆಯಲು ಸಾಧ್ಯ.